ಮಾರ್ಕೋನಹಳ್ಳಿ ಜಲಾಶಯದ ದೋಣಿ: ಹಳೆಯ ಔಟ್‌ಬೋರ್ಡ್ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ, ಎಲ್ಲಿಂದ ನೋಡಬೇಕು?

ಮಾರ್ಕೋನಹಳ್ಳಿ ದಡ

ಎಲ್ಲರಿಗೂ ನಮಸ್ಕಾರ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವ ನಮ್ಮ ಸಂಘಕ್ಕೆ ಒಂದು ಫೈಬರ್ ದೋಣಿ ಇದೆ. ಬಲೆ ಬಿಡುವುದೂ ಎತ್ತುವುದೂ ಇಂದಿಗೂ ಹರಿಗೋಲಿನಲ್ಲಿಯೇ ನಡೆಯುತ್ತದೆ. ಆದರೆ ಕಾಟ್ಲಾ, ರೋಹು ಮರಿಗಳನ್ನು ಹಿನ್ನೀರಿನ ತುದಿಯವರೆಗೆ ಒಯ್ದು ಬಿಡುವುದಕ್ಕೆ ಮತ್ತು ಸಂಜೆ ಗಾಳಿ ಎದ್ದಾಗ ನಡುನೀರಿನಲ್ಲಿರುವ ಹರಿಗೋಲಿನವರನ್ನು ದಡಕ್ಕೆ ಕರೆತರುವುದಕ್ಕೆ ಮೋಟಾರು ದೋಣಿ ಇಲ್ಲದೆ ಆಗುವುದಿಲ್ಲ.

ಈ ದೋಣಿಗೆಂದು ಕರಾವಳಿಯಿಂದ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಒಂದು ಹಳೆಯ ಔಟ್‌ಬೋರ್ಡ್ ಎಂಜಿನ್ ತಂದಿದ್ದೇವೆ. ಎರಡು ಸ್ಟ್ರೋಕ್, ಎರಡು ಸಿಲಿಂಡರ್, 9.9 ಅಶ್ವಶಕ್ತಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಮಾದರಿ ಸಂಖ್ಯೆಯ ತಗಡು ಉಪ್ಪು ತಿಂದು ಓದಲಾಗದಂತಾಗಿದೆ. ಕೊಳ್ಳುವಾಗ ಡ್ರಮ್ಮಿನ ನೀರಿನಲ್ಲಿ ಓಡಿಸಿ ತೋರಿಸಿದ್ದರು, ಚೆನ್ನಾಗಿಯೇ ಓಡಿತ್ತು. ಅನಂತರ ಒಂದು ಮಳೆಗಾಲ ಪೂರ್ತಿ ನಮ್ಮ ಶೆಡ್ಡಿನಲ್ಲಿ ಇತ್ತು. ಈಗ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಪ್ಲಗ್ಗಿನ ರಂಧ್ರದಲ್ಲಿ ಸ್ವಲ್ಪ ಪೆಟ್ರೋಲ್ ಬಿಟ್ಟು ಎಳೆದರೆ ಒಂದೆರಡು ಸಲ ಕೆಮ್ಮಿ ನಿಲ್ಲುತ್ತದೆ. ನೋಡಲು ಬಂದ ಮೆಕ್ಯಾನಿಕ್ ಒಬ್ಬರು ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಕಡಿಮೆ ಇದೆ, ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚಿ ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಬೇಕು ಎಂದಿದ್ದಾರೆ. ಅದಕ್ಕೆ ಮೊದಲು ನಾವೇ ನೋಡಬಹುದಾದದ್ದು ಏನಾದರೂ ಇದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು.

ತುಮಕೂರು ಗ್ಯಾರೇಜ್

ಸರ್, ಹೆಡ್ಡಿಗೆ ಸದ್ಯ ಕೈ ಹಾಕಬೇಡಿ. ನಾನು ದೋಣಿ ಎಂಜಿನ್ನಿನ ತಜ್ಞನಲ್ಲ, ಆದರೆ ಯೆಜ್ಡಿ, ಆರ್‌ಎಕ್ಸ್ 100 ಮುಂತಾದ ಎರಡು ಸ್ಟ್ರೋಕ್ ಗಾಡಿಗಳ ಕೆಲಸದಲ್ಲಿಯೇ ಕೈ ಪಳಗಿಸಿಕೊಂಡವನು. ಮೂಲ ಲೆಕ್ಕ ಎಲ್ಲಕ್ಕೂ ಒಂದೇ: ಸರಿಯಾದ ಕಿಡಿ, ಸರಿಯಾದ ಇಂಧನ, ಸಾಕಷ್ಟು ಕಂಪ್ರೆಶನ್. ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಪರೀಕ್ಷೆಯಿಂದ ಖಚಿತವಾಗುವ ಮೊದಲು ಸ್ಪ್ಯಾನರ್ ಹಿಡಿದರೆ, ಚೆನ್ನಾಗಿರುವ ಭಾಗವೂ ಬಿಚ್ಚಿಸಿಕೊಂಡು ಕೆಡುತ್ತದೆ.

ಮೊದಲು ಹೊರಗಿನಿಂದಲೇ ಕಾಣುವ ಸಂಗತಿಗಳನ್ನು ನೋಡಿ. ಗೇರ್ ನ್ಯೂಟ್ರಲ್‌ನಲ್ಲಿ ಇರಬೇಕು. ಎಂಜಿನ್ ನಿಲ್ಲಿಸುವ ಗುಂಡಿಯ ಪಕ್ಕದಲ್ಲಿ ಕೆಂಪು ಹಗ್ಗದ ಕ್ಲಿಪ್ ಇರುವ ಮಾದರಿಯಾದರೆ ಆ ಕ್ಲಿಪ್ ತನ್ನ ಜಾಗದಲ್ಲಿ ಕೂತಿರಬೇಕು; ಅದು ಬಿದ್ದುಹೋಗಿದ್ದರೆ ತೋಳು ಸೋಲುವವರೆಗೆ ಎಳೆದರೂ ಕಿಡಿ ಬರುವುದಿಲ್ಲ. ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪು ತೆರೆದಿರಬೇಕು.

ಅನಂತರ ಹತ್ತಾರು ಸಲ ಎಳೆದ ಕೂಡಲೇ ಎರಡೂ ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದರೆ ಇಂಧನ ಒಳಗೆ ಹೋಗುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಕಟ್ಟಿ, ನೆರಳಿನಲ್ಲಿ ಹಗ್ಗ ಎಳೆದು ಕಿಡಿಯ ಬಣ್ಣ ನೋಡಿ. ಪ್ಲಗ್ಗಿನ ರಂಧ್ರದಿಂದ ಪೆಟ್ರೋಲ್ ಆವಿ ಹೊರಬರುವುದರಿಂದ ಪ್ಲಗ್ಗನ್ನು ರಂಧ್ರದ ಬಳಿ ಇಡಬಾರದು, ಟ್ಯಾಂಕನ್ನೂ ದೂರ ಸರಿಸಿರಬೇಕು. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಬೇಕು. ಹಳದಿಯಾಗಿ, ಎಳೆಯಂತೆ ತೆಳ್ಳಗೆ ಕಂಡರೆ ಅದು ಸಾಲದು, ಏಕೆಂದರೆ ಹೊರಗಿನ ಗಾಳಿಯಲ್ಲಿ ಹಾರುವ ಬಡಕಲು ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರದೇ ಹೋಗಬಹುದು. ಸಾಧ್ಯವಾದರೆ ಗೇಜ್ ಹಾಕಿ ಎರಡೂ ಸಿಲಿಂಡರುಗಳ ಕಂಪ್ರೆಶನ್ನನ್ನು ಅಂಕಿಯಲ್ಲಿ ಬರೆಯಿರಿ. ಕೈಗೆ ತಾಗುವ ಬಿಗಿಯನ್ನು ನೋಡಿ ಹೇಳುವ ತೀರ್ಮಾನದ ಮೇಲೆ ಬೋರ್ ಮಾಡಿಸುವುದು ಸರಿಯಲ್ಲ.

ಶಿರಾ ರೈತ

ಪೆಟ್ರೋಲ್ ಯಾವಾಗಿನದು ಎಂದು ನೀವು ಬರೆದಿಲ್ಲ. ಮಳೆಗಾಲಕ್ಕೆ ಮೊದಲು ತುಂಬಿಸಿದ್ದಾದರೆ ಅದನ್ನು ಮೊದಲು ಹೊರಗೆ ಹಾಕಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶೇಕಡ 20 ಎಥೆನಾಲ್ ಮಿಶ್ರಣದ ಪೆಟ್ರೋಲೇ ಈಗ ಎಲ್ಲ ಕಡೆಯೂ ಸಿಗುತ್ತಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಇಂಧನ ಹೀರುವ ಕೊಳವೆಯ ಬಾಯಿಯೂ ತಳದಲ್ಲಿಯೇ ಇರುತ್ತದೆ. ಅಂದರೆ ಎಂಜಿನ್ನಿಗೆ ಮೊದಲು ಸಿಗುವುದೇ ಆ ನೀರು. ಪಾರದರ್ಶಕ ಬಾಟಲಿಗೆ ಒಂದಿಷ್ಟು ಬಸಿದು ಒಂದು ಗಂಟೆ ಅಲುಗಿಸದೆ ಇಟ್ಟರೆ ಪದರ ಕಣ್ಣಿಗೆ ಕಾಣುತ್ತದೆ.

ಕೊಳವೆಯ ನಡುವಿನ ರಬ್ಬರ್ ಬಲ್ಬನ್ನೂ ಪರೀಕ್ಷಿಸಿ. ಅದರ ಮೇಲಿನ ಬಾಣ ಎಂಜಿನ್ನಿನ ಕಡೆಗೆ ಇರಬೇಕು, ಹಿಸುಕುತ್ತ ಹೋದಂತೆ ಗಟ್ಟಿಯಾಗಬೇಕು. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಒಳಗಿನ ವಾಲ್ವ್ ಹಿಡಿಯುತ್ತಿಲ್ಲ. ಹಿಸುಕಿದ ಮೇಲೆ ಚಪ್ಪಟೆಯಾಗಿಯೇ ಉಳಿದರೆ ಟ್ಯಾಂಕಿನ ಕಡೆ ಏನೋ ಕಟ್ಟಿಕೊಂಡಿದೆ.

ಮಾರ್ಕೋನಹಳ್ಳಿ ದಡ

ತಿಳಿಸಿದ ಎಲ್ಲರಿಗೂ ಧನ್ಯವಾದಗಳು. ಹೇಳಿದ ಕ್ರಮದಲ್ಲಿಯೇ ನೋಡಿದ್ದೇವೆ. ಗೇರ್, ಕ್ಲಿಪ್, ಗಾಳಿ ತಿರುಪು ಸರಿ ಇವೆ. ಟ್ಯಾಂಕಿಗೆ ಹೊಸ ಪೆಟ್ರೋಲ್ ಮತ್ತು ಎಣ್ಣೆ ಹಾಕಿದ್ದೇವೆ. ಬಲ್ಬ್ ಗಟ್ಟಿಯಾಗುತ್ತದೆ, ಆದರೆ ಕೆಲವು ನಿಮಿಷಗಳಲ್ಲಿ ಮತ್ತೆ ಮೆತ್ತಗಾಗುತ್ತದೆ. ಎರಡೂ ಪ್ಲಗ್ಗುಗಳ ತುದಿ ಚೆನ್ನಾಗಿ ಒದ್ದೆಯಾಗಿವೆ, ಬಿಸಿಲಿನಲ್ಲಿ ಇಟ್ಟರೂ ಬೇಗ ಒಣಗಲಿಲ್ಲ. ಕಿಡಿ ಎರಡರಲ್ಲಿಯೂ ಬರುತ್ತದೆ, ಆದರೆ ಹಳದಿಯಾಗಿದೆ. ಪರಿಚಯದವರಿಂದ ಗೇಜ್ ತಂದು ನೋಡಿದಾಗ ಮೇಲಿನ ಸಿಲಿಂಡರಿನಲ್ಲಿ 80, ಕೆಳಗಿನದರಲ್ಲಿ 78 ಪಿಎಸ್‌ಐ ಬಂತು.

ಚಿಕ್ಕನಾಯಕನಹಳ್ಳಿ ಲೇತ್

ಈ ಅಂಕಿಗಳನ್ನು ನೋಡಿದರೆ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಥವಿದೆ ಎಂದು ನನಗೆ ಅನ್ನಿಸುತ್ತದೆ. ಇಂಥ ಎಂಜಿನ್ನುಗಳಲ್ಲಿ ನೂರರ ಆಸುಪಾಸು ಬರಬೇಕು. ಪಿಸ್ಟನ್ ಸುತ್ತಲಿನ ರಿಂಗ್ ಸವೆದ ಎಂಜಿನ್ನು ಬಿಸಿಯಾಗಿದ್ದಾಗ ಓಡಿ, ತಣ್ಣಗಿದ್ದಾಗ ಸ್ಟಾರ್ಟ್ ಆಗದಿರುವುದು ಸಾಮಾನ್ಯ. ಕೊಳ್ಳುವ ದಿನ ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿದ್ದರೂ ಇರಬಹುದು. ಪ್ರತಿ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೊಮ್ಮೆ ಗೇಜ್ ಹಾಕಿ ನೋಡಿ. ಅಂಕಿ ಬಹಳ ಏರಿದರೆ ರಿಂಗ್ ಮತ್ತು ಬೋರ್ ಕಡೆಗೇ ಬೆರಳು ತೋರಿಸುತ್ತದೆ.

ಗಂಗೊಳ್ಳಿಯಿಂದ ತಿಪಟೂರಿಗೆ

ನಾನು ಹುಟ್ಟಿ ಬೆಳೆದದ್ದು ಕರಾವಳಿಯ ಗಂಗೊಳ್ಳಿಯಲ್ಲಿ. ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ನುಗಳ ನಡುವೆಯೇ ದೊಡ್ಡವನಾದವನು, ಈಗ ಕೆಲಸದ ನಿಮಿತ್ತ ತಿಪಟೂರಿನಲ್ಲಿದ್ದೇನೆ. ಈ ಚರ್ಚೆಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ: ಈ ಎಂಜಿನ್ ಪೆಟ್ರೋಲಿನದೇ, ಸೀಮೆಎಣ್ಣೆಯದೇ?

ಕರಾವಳಿಯ ನಾಡದೋಣಿಗಳಲ್ಲಿ ಬಹುಪಾಲು ಎಂಜಿನ್ನುಗಳು ಸೀಮೆಎಣ್ಣೆಯವು. ನಮ್ಮ ಬಯಲುಸೀಮೆಯ ರೈತರು ಹಿಂದೆ ಬಾವಿಯಿಂದ ನೀರೆತ್ತಲು ಬಳಸುತ್ತಿದ್ದ ಸೀಮೆಎಣ್ಣೆ ಪಂಪ್‌ಸೆಟ್ಟಿನ ಹಾಗೆಯೇ ಇವು: ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬೊರೇಟರಿನಲ್ಲಿ (ಇಂಧನವನ್ನು ಗಾಳಿಯೊಡನೆ ಬೆರೆಸುವ ಭಾಗ) ಉಳಿದ ಸೀಮೆಎಣ್ಣೆಯನ್ನು ಓಡಿಸಿ ಮುಗಿಸಬೇಕು. ಈ ಕೊನೆಯ ಹೆಜ್ಜೆ ತಪ್ಪಿದರೆ ಮರುದಿನ ಎಂಜಿನ್ ಏಳುವುದಿಲ್ಲ. ಪೆಟ್ರೋಲಿನ ಆವಿ ಎಂಥ ಚಳಿಯಲ್ಲಿಯೂ ಹೊತ್ತಿಕೊಳ್ಳುತ್ತದೆ, ಅದರ ಜ್ವಲನ ಬಿಂದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದೆ. ಸೀಮೆಎಣ್ಣೆಯದು 35 ಡಿಗ್ರಿಗಿಂತ ಮೇಲಿದೆ. ತಣ್ಣಗಿನ ಸಿಲಿಂಡರಿನಲ್ಲಿ ಅದು ಹನಿಯಾಗಿಯೇ ಉಳಿದು ಪ್ಲಗ್ಗನ್ನು ತೋಯಿಸುತ್ತದೆ. ನಿಮ್ಮ ಪ್ಲಗ್ಗುಗಳು ಬಿಸಿಲಿಗೆ ಇಟ್ಟರೂ ಬೇಗ ಒಣಗಲಿಲ್ಲ ಎಂದು ನೀವು ಬರೆದದ್ದನ್ನು ಓದಿಯೇ ನನಗೆ ಅನುಮಾನ ಬಂದದ್ದು. ಪೆಟ್ರೋಲಾಗಿದ್ದರೆ ನೋಡುತ್ತಿದ್ದಂತೆ ಆರಿ, ಎಣ್ಣೆಯ ತೆಳು ಪಸೆ ಮಾತ್ರ ಉಳಿಯುತ್ತಿತ್ತು.

ಕಂಪ್ರೆಶನ್ ವಿಚಾರಕ್ಕೂ ಇದು ನೇರವಾಗಿ ಸಂಬಂಧಿಸಿದೆ. ಸೀಮೆಎಣ್ಣೆ ಬೇಗ ಬಡಿತಕ್ಕೆ ಬರುವ (ಒತ್ತಡದಲ್ಲಿ ತಾನಾಗಿಯೇ ಸಿಡಿಯುವ) ಇಂಧನವಾದ್ದರಿಂದ ಈ ಮಾದರಿಗಳ ಕಂಪ್ರೆಶನ್ನನ್ನು ಕಾರ್ಖಾನೆಯಲ್ಲಿಯೇ ಕಡಿಮೆ ಇಟ್ಟಿರುತ್ತಾರೆ. ಪೆಟ್ರೋಲ್ ಮಾದರಿಯ ನೂರನ್ನು ಇದರಿಂದ ನಿರೀಕ್ಷಿಸಬಾರದು. ಜೊತೆಗೆ ನಾವು ಇರುವುದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡ 9ರಷ್ಟು ಕಡಿಮೆ. ಇಲ್ಲಿ 80 ತೋರಿಸುವ ಎಂಜಿನ್ ಗಂಗೊಳ್ಳಿಯಲ್ಲಿ 87 ಅಥವಾ 88 ತೋರಿಸುತ್ತದೆ. ತಿಂಗಳುಗಟ್ಟಲೆ ನಿಂತು ಒಣಗಿದ ಗೋಡೆಯ ಸಿಲಿಂಡರಿನಲ್ಲಿ ಅದೂ ಸ್ವಲ್ಪ ಇಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಎರಡರ ನಡುವಿನ ಅಂತರ. 80 ಮತ್ತು 78 ಬಹುಮಟ್ಟಿಗೆ ಒಂದೇ. ಒಂದು 80, ಇನ್ನೊಂದು 55 ಬಂದಿದ್ದರೆ ನಾನೂ ರಿಂಗ್ ಎನ್ನುತ್ತಿದ್ದೆ.

ಹೆಡ್ ಬಿಚ್ಚಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಉಪ್ಪುನೀರಿನಲ್ಲಿ ದುಡಿದ ಎಂಜಿನ್ನಿನ ಬೋಲ್ಟುಗಳು ಅಲ್ಯುಮಿನಿಯಂ ಜೊತೆ ಬೆಸೆದುಕೊಂಡಂತೆ ಕೂತಿರುತ್ತವೆ. ಕಾಯಿಸದೆ, ತಾಳ್ಮೆಯಿಲ್ಲದೆ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಆಗ ನಿಜವಾಗಿಯೂ ದೊಡ್ಡ ಕೆಲಸವಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಎಂಜಿನ್ನಿನ ಮುಂಭಾಗದಲ್ಲಿ ಎರಡು ಇಂಧನ ಕೊಳವೆ ಸೇರುವ, ತಿರುಗಿಸುವ ಕಾಕ್ ಇದೆಯೇ ನೋಡಿ. ಯಮಹಾ ಎಂಜಿನ್ನುಗಳಲ್ಲಾದರೆ ಮಾದರಿ ಸಂಖ್ಯೆ ‘ಇಕೆ’ ಎಂದು ಆರಂಭವಾದರೆ ಅದು ಸೀಮೆಎಣ್ಣೆಯದು. ನಿಮ್ಮಲ್ಲಿ ತಗಡು ಓದಲಾಗುತ್ತಿಲ್ಲವಾದ್ದರಿಂದ ಕಾಕನ್ನೇ ನೋಡಬೇಕು. ಕಾರ್ಬೊರೇಟರಿನ ಬಟ್ಟಲಿನ ತಳದ ತಿರುಪು ಸಡಿಲಿಸಿ ಒಳಗಿನದನ್ನು ಸ್ಟೀಲ್ ತಟ್ಟೆಗೆ ಬಸಿದುಕೊಳ್ಳಿ. ಒಂದು ಚಮಚದಷ್ಟನ್ನು ಬಿಸಿಲಿಗಿಡಿ, ಪಕ್ಕದಲ್ಲಿಯೇ ನಿಮ್ಮ ಹೊಸ ಪೆಟ್ರೋಲ್ ಒಂದು ಚಮಚ ಇಡಿ. ಯಾವುದು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಇರಬಾರದು ಎಂಬುದನ್ನು ಹೇಳಬೇಕಾಗಿಲ್ಲ.

ತುಮಕೂರು ಗ್ಯಾರೇಜ್

ಗಂಗೊಳ್ಳಿಯವರು ಹೇಳಿದ್ದು ಬಹಳ ಸರಿಯಾಗಿದೆ. ಆದರೆ ಹಳದಿ ಕಿಡಿಯನ್ನು ಮರೆಯಬಾರದು. ಸೀಮೆಎಣ್ಣೆ ತೆಗೆದರೂ ಕಿಡಿ ಬಡಕಲಾಗಿಯೇ ಇದ್ದರೆ ಎಂಜಿನ್ ಮತ್ತೆ ಸತಾಯಿಸುತ್ತದೆ.

ಎರಡೂ ಪ್ಲಗ್ಗುಗಳಲ್ಲಿ ಒಂದೇ ರೀತಿ ಕ್ಷೀಣವಾಗಿದೆ ಎಂದರೆ ದೋಷ ಎರಡಕ್ಕೂ ಸಾಮಾನ್ಯವಾದ ಜಾಗದಲ್ಲಿರಬೇಕು. ಅಂಥ ಜಾಗಗಳಲ್ಲಿ ಅತ್ಯಂತ ಅಗ್ಗದ್ದನ್ನು ಮೊದಲು ನೋಡೋಣ. ಸಿಡಿಐ (ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಎಂಜಿನ್ನನ್ನು ನಿಲ್ಲಿಸುವ ಗುಂಡಿ ಮಾಡುವ ಕೆಲಸವೆಂದರೆ ಕಿಡಿಗೆ ಹೋಗಬೇಕಾದ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಇಳಿಸುವುದು. ಆ ಗುಂಡಿಯೊಳಗೆ ಉಪ್ಪು, ತೇವ ಸೇರಿದ್ದರೆ ಅಥವಾ ಅದರ ತಂತಿಯ ಹೊದಿಕೆ ಸವೆದಿದ್ದರೆ ಗುಂಡಿ ಒತ್ತದೆಯೂ ವಿದ್ಯುತ್ತಿನ ಒಂದು ಪಾಲು ಸೋರಿಹೋಗುತ್ತದೆ. ಸಿಡಿಐ ಪೆಟ್ಟಿಗೆಗೆ ಬರುವ ಆ ತಂತಿಯ ಕನೆಕ್ಟರ್ ಕಳಚಿ, ಮತ್ತೆ ಕಿಡಿ ಪರೀಕ್ಷಿಸಿ. ನೀಲಿಯಾದರೆ ಕಾಯಿಲ್, ಸಿಡಿಐ ಕೊಳ್ಳುವ ಅಗತ್ಯವೇ ಇಲ್ಲ. ತಂತಿ ಕಳಚಿರುವಾಗ ಎಂಜಿನ್ ಸ್ಟಾರ್ಟ್ ಆದರೆ ಗುಂಡಿಯಿಂದ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಇದನ್ನು ಪರೀಕ್ಷೆಗೆ ಮಾತ್ರ ಮಾಡಿ, ಹಾಗೆಯೇ ನೀರಿಗೆ ಇಳಿಸಬೇಡಿ. ನೀಲಿಯಾಗದಿದ್ದರೆ ಮಾತ್ರ ಮ್ಯಾಗ್ನೆಟ್ಟಿನ ಕೆಳಗಿನ ಕಾಯಿಲ್‌ಗಳ ಕಡೆ ಹೋಗೋಣ.

ಪ್ಲಗ್ ಹೊಸದು ಹಾಕಿ. ಎನ್‌ಜಿಕೆ ಪ್ಲಗ್ಗಿನ ಸಂಖ್ಯೆಯ ಕೊನೆಯಲ್ಲಿ 10 ಎಂದಿದ್ದರೆ ಅಂತರ 1 ಮಿಲಿಮೀಟರ್ ಇರಬೇಕು ಎಂದರ್ಥ. ಹಳೆಯ ಪ್ಲಗ್ಗಿನ ಮೇಲಿರುವ ಪೂರ್ತಿ ಸಂಖ್ಯೆಯನ್ನೇ ಅಂಗಡಿಯಲ್ಲಿ ಕೇಳಿ, ಗಾಡಿಯ ಪ್ಲಗ್ ಹಿಡಿಸುತ್ತದೆ ಎಂದು ಕೊಟ್ಟರೆ ತರಬೇಡಿ.

ಕಾರ್ಬೊರೇಟರ್ ಬಿಚ್ಚುವಾಗ ಒಂದು ಮಾತು. ಇಂಧನವನ್ನು ಅಳೆದು ಬಿಡುವ ಹಿತ್ತಾಳೆಯ ಜೆಟ್ಟುಗಳ ರಂಧ್ರಕ್ಕೆ ಸೂಜಿ, ಪಿನ್ನು, ಕಬ್ಬಿಣದ ತಂತಿ ಹಾಕಬಾರದು. ಹಿತ್ತಾಳೆ ಮೆದು, ಕೂದಲೆಳೆಯಷ್ಟು ಅಗಲವಾದರೂ ಇಂಧನದ ಲೆಕ್ಕ ತಪ್ಪುತ್ತದೆ. ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ, ನೆನೆಯಲು ಬಿಟ್ಟು, ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಊದಿಸಿ, ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ ಕಾಣಬೇಕು. ನಿಧಾನಗತಿಯ ಸಣ್ಣ ಜೆಟ್ಟೇ ಸಾಮಾನ್ಯವಾಗಿ ಮೊದಲು ಕಟ್ಟುವುದು, ಸ್ಟಾರ್ಟ್ ಆಗಲು ಬೇಕಾದದ್ದೂ ಅದೇ.

ಬಲ್ಬ್ ತಾನಾಗಿ ಮೆತ್ತಗಾಗುತ್ತಿದೆ ಎಂದಿದ್ದೀರಿ. ಕಾರ್ಬೊರೇಟರ್ ಬಟ್ಟಲಿನ ಇಂಧನ ಮಟ್ಟ ಕಾಯುವ ಫ್ಲೋಟಿನ ಸೂಜಿ ಮುಚ್ಚದೆ ಇಂಧನ ಇಳಿಯುತ್ತಿರಬಹುದು ಅಥವಾ ಇಂಧನ ಪಂಪಿನ ಡಯಾಫ್ರಮ್ ಹರಿದು ನೇರವಾಗಿ ಕ್ರ್ಯಾಂಕ್‌ಕೇಸಿಗೆ ಸೋರುತ್ತಿರಬಹುದು. ಎರಡನ್ನೂ ಬಿಚ್ಚಿ ನೋಡಲೇಬೇಕು.

ಮಾರ್ಕೋನಹಳ್ಳಿ ದಡ

ಎಂಜಿನ್ ಓಡಿತು. ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಇದೇ ತೊಂದರೆ ಬಂದವರಿಗೆ ಉಪಯೋಗವಾಗಲಿ.

ಎರಡು ಕೊಳವೆ ಸೇರುವ ಕಾಕ್ ಇದೆ. ಒಂದರ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ ಅದರ ಮೇಲೆ ಬಣ್ಣ ಬಳಿದಿದ್ದರಿಂದ ಅದು ಕಾಕ್ ಎಂದು ಗೊತ್ತಾಗುವಂತಿರಲಿಲ್ಲ. ಬಟ್ಟಲಿನಿಂದ ಬಸಿದದ್ದನ್ನು ತಟ್ಟೆಯಲ್ಲಿ ಬಿಸಿಲಿಗೆ ಇಟ್ಟೆವು. ಪಕ್ಕದ ಪೆಟ್ರೋಲ್ ಕೆಲವೇ ನಿಮಿಷಗಳಲ್ಲಿ ಆರಿ ಎಣ್ಣೆಯ ಹಸಿರು ಪಸೆ ಮಾತ್ರ ಉಳಿಯಿತು. ಬಟ್ಟಲಿನದು ಮಧ್ಯಾಹ್ನವಾದರೂ ತಟ್ಟೆ ವಾಲಿಸಿದರೆ ಹರಿಯುತ್ತಿತ್ತು, ಮೂಸಿದರೆ ಹಳೆಯ ಲಾಟೀನಿನ ವಾಸನೆ. ಸೀಮೆಎಣ್ಣೆ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ನಿಲ್ಲಿಸುವ ಗುಂಡಿಯ ತಂತಿ ಕಳಚಿ ಎಳೆದ ಕೂಡಲೇ ಕಿಡಿ ನೀಲಿಯಾಯಿತು. ಆ ತಂತಿಯನ್ನು ಉದ್ದಕ್ಕೂ ಸವರಿ ನೋಡಿದಾಗ, ಹಿಡಿಕೆ ತಿರುಗುವ ಸಂದಿನಲ್ಲಿ ಹೊದಿಕೆ ಸವೆದು ತಾಮ್ರ ಹಸಿರುಗಟ್ಟಿತ್ತು. ಅಷ್ಟು ಭಾಗ ಕತ್ತರಿಸಿ, ಹೊಸ ತಂತಿ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿದ್ದೇವೆ. ಗುಂಡಿಯನ್ನೂ ಬದಲಿಸಿದ್ದೇವೆ.

ಇಂಧನ ಪಂಪಿನ ಡಯಾಫ್ರಮ್ ಹರಿದಿರಲಿಲ್ಲ, ಆದರೆ ಅಂಚು ಅಲೆ ಅಲೆಯಾಗಿ ಉಬ್ಬಿತ್ತು. ಬೆಳಕಿಗೆ ಹಿಡಿದಾಗ ನಡುವೆ ಒಂದು ಚುಕ್ಕೆಯಷ್ಟು ಬೆಳಕು ತೂರಿ ಬರುತ್ತಿತ್ತು. ಮಂಗಳೂರಿನಿಂದ ಪಂಪ್ ಕಿಟ್ ತರಿಸಿ ಹಾಕಿದ ಮೇಲೆ ಬಲ್ಬ್ ಗಟ್ಟಿಯಾಗಿಯೇ ನಿಲ್ಲುತ್ತದೆ. ಜೆಟ್ಟುಗಳನ್ನು ಹೇಳಿದಂತೆಯೇ ಶುಚಿ ಮಾಡಿದೆವು. ಪ್ಲಗ್ ಬಿಚ್ಚಿ, ಇಂಧನ ಕೊಡದೆ ಹಲವು ಸಲ ಎಳೆದು ಒಳಗೆ ತುಂಬಿದ್ದ ಸೀಮೆಎಣ್ಣೆಯನ್ನು ಹೊರಹಾಕಿ, ಹೊಸ ಪ್ಲಗ್ ಹಾಕಿ, ಚೋಕ್ ಎಳೆದು ಸ್ಟಾರ್ಟ್ ಮಾಡಿದೆವು. ಮೊದಲು ಬಿಳಿ ಹೊಗೆ ದಟ್ಟವಾಗಿ ಬಂತು, ಆಮೇಲೆ ತಿಳಿಯಾಯಿತು. ಓಡಿ ಬಿಸಿಯಾದ ಮೇಲೆ ಗೇಜ್ ಹಾಕಿದಾಗ 86 ಮತ್ತು 85 ಬಂತು.

ಈಗ ಎರಡು ಪ್ರಶ್ನೆಗಳಿವೆ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿರುವುದರಿಂದ ಇದನ್ನು ಪೆಟ್ರೋಲಿನಲ್ಲಿಯೇ ಓಡಿಸಬಹುದೇ? ಎಂಜಿನ್ ತಣಿಸುವ ನೀರು ಹೊರಗೆ ಚಿಮ್ಮುವ ಸಣ್ಣ ರಂಧ್ರದಿಂದ ಧಾರೆ ಬಹಳ ಸಪೂರವಾಗಿ ಬರುತ್ತಿದೆ, ಅದು ಸರಿಯೇ?

ಚಿಕ್ಕನಾಯಕನಹಳ್ಳಿ ಲೇತ್

ಎರಡೂ ಅಂಕಿ ಒಟ್ಟಾಗಿ ಏರಿವೆ, ಅಂತರ ಕೇವಲ 1 ಇದೆ. ಈಗ ಬೋರ್ ಮಾಡಿಸುವ ಮಾತು ಬೇಡ. ಈ 86, 85ನ್ನು ದಿನಾಂಕದ ಜೊತೆ ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ. ಮುಂದಿನ ವರ್ಷ ಇದೇ ಗೇಜಿನಿಂದ, ಇದೇ ರೀತಿ ಬಿಸಿ ಮಾಡಿ ಅಳೆದು ಹೋಲಿಸಿದರೆ ಸವೆತ ತಿಳಿಯುತ್ತದೆ.

ಗಂಗೊಳ್ಳಿಯಿಂದ ತಿಪಟೂರಿಗೆ

ಬಹಳ ಸಂತೋಷವಾಯಿತು. ಪೆಟ್ರೋಲಿನಲ್ಲಿ ಓಡಿಸಬಹುದು; ಕಂಪ್ರೆಶನ್ ಕಡಿಮೆ ಇರುವುದರಿಂದ ಪೆಟ್ರೋಲ್ ಮಾದರಿಯಷ್ಟು ಶಕ್ತಿ ಬರುವುದಿಲ್ಲ, ಅಷ್ಟೇ. ಕೆಲವು ದಿನ ಓಡಿಸಿದ ಮೇಲೆ ಪ್ಲಗ್ಗಿನ ಬಣ್ಣ ನೋಡಿ. ಕಂದು ಬಣ್ಣವಿದ್ದರೆ ಜೆಟ್ ಸರಿ ಇದೆ. ಬೆಳ್ಳಗೆ ಸುಣ್ಣದಂತಾದರೆ ಇಂಧನ ಸಾಲುತ್ತಿಲ್ಲ, ಪಿಸ್ಟನ್ ಸುಡುವ ಮೊದಲು ನಿಲ್ಲಿಸಿ ಜೆಟ್ ವಿಚಾರಿಸಿ. ಎಣ್ಣೆ ಮಾತ್ರ ಬೈಕಿನ 2ಟಿ ಹಾಕಬೇಡಿ. ಅದು ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ಡಬ್ಬದ ಮೇಲೆ ‘ಟಿಸಿ-ಡಬ್ಲ್ಯು3’ ಎಂದಿರುವ ಔಟ್‌ಬೋರ್ಡ್ ಎಣ್ಣೆಯೇ ಬೇಕು. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ. ಹಳೆಯ ಮಾದರಿಗಳಲ್ಲಿ ಇದಕ್ಕಿಂತ ಹೆಚ್ಚು ಕೇಳುವುದೂ ಉಂಟು, ಆದ್ದರಿಂದ ಬಿಡಿಭಾಗದ ಅಂಗಡಿಯವರಿಗೆ ಕಾರ್ಬೊರೇಟರ್ ಮತ್ತು ಕಾಕಿನ ಚಿತ್ರ ಕಳಿಸಿ ಮಾದರಿ ಗುರುತಿಸಿಕೊಂಡು ಅವರು ಹೇಳಿದ ಪ್ರಮಾಣವನ್ನೇ ಹಾಕಿ.

ಧಾರೆ ಸಪೂರವಾಗಿದೆ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಆ ರಂಧ್ರಕ್ಕೇ ನೈಲಾನ್ ಎಳೆ ಹಾಕಿ ಉಪ್ಪಿನ ಹೊಪ್ಪಳೆ ಬಿಡಿಸಿ. ಆಮೇಲೂ ಹಾಗೆಯೇ ಇದ್ದರೆ ಕೆಳಗಿನ ಭಾಗ ಇಳಿಸಿ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ನೋಡಿ. ಅದರ ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿದ್ದರೆ ಬದಲಿಸಬೇಕು. ನೀರಿಲ್ಲದೆ ಕ್ಷಣಕಾಲವೂ ಈ ಎಂಜಿನ್ ಓಡಿಸಬಾರದು. ಡ್ರಮ್ಮಿನಲ್ಲಿ ನೀರು ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆ ಮುಳುಗುವಷ್ಟು ಇರಲೇಬೇಕು.

ಇಂಪೆಲ್ಲರ್ ಬದಲಾಗಿ ಧಾರೆ ಬಲವಾಗುವವರೆಗೆ ಜಲಾಶಯಕ್ಕೆ ಇಳಿಸಬೇಡಿ. ಮೊದಲ ದಿನಗಳಲ್ಲಿ ದಡದ ಹತ್ತಿರವೇ, ಹುಟ್ಟು ಮತ್ತು ಲೈಫ್ ಜಾಕೆಟ್ ಇಟ್ಟುಕೊಂಡು ಓಡಿಸಿ. ಮಾರ್ಕೋನಹಳ್ಳಿಯಲ್ಲಿ ನೀರು ಪೂರ್ಣ ಮಟ್ಟಕ್ಕೆ ಬಂದಾಗ ಹೆಚ್ಚುವರಿ ನೀರು ಹೊರಬಿಡುವ ಸೈಫನ್‌ಗಳು ತಾವಾಗಿಯೇ ಹರಿಯಲು ತೊಡಗುತ್ತವೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಂಬಿಕೆ ಬರುವವರೆಗೆ ಆ ಕಡೆಗೆ ದೋಣಿ ಒಯ್ಯಬೇಡಿ.

ಮಾರ್ಕೋನಹಳ್ಳಿ ದಡ

ಇಂಪೆಲ್ಲರ್ ತೆಗೆದು ನೋಡಿದೆವು, ಎರಡು ರೆಕ್ಕೆಗಳ ತುದಿ ಮುರಿದಿವೆ. ಹೊಸದನ್ನು ತರಿಸಲು ಹೇಳಿದ್ದೇವೆ. ಮುರಿದ ಚೂರುಗಳು ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿರಬಹುದೇ?

ಗಂಗೊಳ್ಳಿಯಿಂದ ತಿಪಟೂರಿಗೆ

ಖಂಡಿತ ಇರಬಹುದು. ಪಂಪಿನಿಂದ ಮೇಲೆ ಹೋಗುವ ತಾಮ್ರದ ಕೊಳವೆಗೆ ಮೇಲಿನಿಂದ ಕೆಳಕ್ಕೆ ನಲ್ಲಿ ನೀರು ಹಾಯಿಸಿ, ಎರಡೂ ಚೂರು ಹೊರಬಿದ್ದವೇ ಎಂದು ಬಟ್ಟೆ ಹಿಡಿದು ನೋಡಿ. ಅವು ಸಿಕ್ಕಿದ ಮೇಲೆಯೇ ಹೊಸ ಇಂಪೆಲ್ಲರ್ ಹಾಕಿ. ಕೂರಿಸುವಾಗ ಶಾಫ್ಟನ್ನು ಪ್ರದಕ್ಷಿಣೆಯಾಗಿ ತಿರುಗಿಸುತ್ತ ಒತ್ತಿದರೆ ರೆಕ್ಕೆಗಳು ಸರಿಯಾದ ದಿಕ್ಕಿಗೆ ಬಾಗುತ್ತವೆ. ಅಂಚಿಗೆ ಸ್ವಲ್ಪ ಸಾಬೂನು ನೀರು ಸವರಿ, ಗ್ರೀಸ್ ಬೇಡ.